ತುಮಕೂರಲ್ಲಿ ಹಳೇ ನಾಲ್ಕೂವರೆ ಅಡಿ ಲೇತ್ ಸಿಕ್ಕಿದೆ, ಮನೆ ಶೆಡ್‌ಗೆ ತಗೊಳ್ಳಲಾ?

ಕ್ಯಾತ್ಸಂದ್ರ ಸ್ಪ್ರೇಯರ್:

ಎಲ್ಲರಿಗೂ ನಮಸ್ಕಾರ. ನಾನು ಕ್ಯಾತ್ಸಂದ್ರದವನು. ಔಷಧಿ ಸ್ಪ್ರೇಯರ್, ಕಳೆ ಕತ್ತರಿಸುವ ಮೆಷಿನ್, ಸಣ್ಣ ಪಂಪ್ ಎಲ್ಲಾ ರಿಪೇರಿ ಮಾಡುತ್ತೇನೆ. ಬುಷ್ (ಶಾಫ್ಟ್ ತಿರುಗುವ ಲೋಹದ ಬಳೆ), ಪಿನ್, ಸ್ಪೇಸರ್ ಅಂತ ಪ್ರತಿಯೊಂದಕ್ಕೂ ಲೇತ್, ಅಂದರೆ ಲೋಹದ ರಾಡ್ ತಿರುಗಿಸಿ ಕತ್ತರಿಸುವ ಮೆಷಿನ್, ಇರುವ ಅಂಗಡಿಗೆ ಓಡಬೇಕು. ದುಡ್ಡಿನ ಮಾತಲ್ಲ, ಕಾಯೋದೇ ಕಷ್ಟ. ತೋಟಕ್ಕೆ ಔಷಧಿ ಹೊಡೆಯುವ ಟೈಮಲ್ಲಿ ರೈತ ನನ್ನ ಅಂಗಡಿ ಮುಂದೆ ನಿಂತಿರುತ್ತಾನೆ, ಅಲ್ಲಿ ಟರ್ನರ್ (ಲೇತ್ ಓಡಿಸುವವನು) "ನಾಳೆ ಬಾರಪ್ಪ" ಅನ್ನುತ್ತಾನೆ.

ಈಗ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ಒಂದು ಸಣ್ಣ ವರ್ಕ್‌ಶಾಪ್ ಮುಚ್ಚುತ್ತಿದ್ದಾರೆ. ಅಲ್ಲೊಂದು ಲೇತ್ ಇದೆ. ನಾಲ್ಕೂವರೆ ಅಡಿ ಬೆಡ್ (ಮೆಷಿನ್‌ನ ಉದ್ದ ಹಳಿ), ಕೋನ್ ಪುಲ್ಲಿ (ಬೆಲ್ಟ್ ಜರುಗಿಸಿ ಸ್ಪೀಡ್ ಬದಲಿಸುವ ಮೆಟ್ಟಿಲು ಪುಲ್ಲಿ), ಪಂಜಾಬಿನ ಬಟಾಲಾ ಮಾಲು. 1 ಎಚ್‌ಪಿ ತ್ರೀ ಫೇಸ್ ಮೋಟಾರ್, ಟ್ರೂ ಚಕ್ (ರಾಡನ್ನು ಮೂರು ದವಡೆಯಲ್ಲಿ ತಾನೇ ಸೆಂಟರಿಗೆ ಹಿಡಿಯುವುದು) ಒಂದು, ಚೇಂಜ್ ಗೇರ್ (ತ್ರೆಡ್ ತೆಗೆಯಲು ಬದಲಿಸುವ ಗೇರ್) ಒಂದು ಡಬ್ಬದ ತುಂಬ. 65 ಸಾವಿರ ಹೇಳುತ್ತಿದ್ದಾರೆ. ಹೊಸದಾಗಿ ಹಸಿರು ಪೇಂಟ್ ಹೊಡೆದಿದ್ದಾರೆ. "ಬೆಡ್ ಮುಟ್ಟಿ ನೋಡು, ಕನ್ನಡಿ" ಅಂತಾರೆ. ನೋಡಲು ಕನ್ನಡಿಯೇ. ಆದರೆ ಕನ್ನಡಿ ಆಗಿರೋದು ಒಳ್ಳೇದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ.

ಮನೆ ಪಕ್ಕದಲ್ಲಿ 10ಕ್ಕೆ 14 ಅಡಿ ಶೀಟ್ ಶೆಡ್ ಇದೆ, ನೆಲಕ್ಕೆ ಕಡಪ ಕಲ್ಲು ಹಾಸಿದೆ. ಕರೆಂಟ್ ಸಿಂಗಲ್ ಫೇಸ್ ಮಾತ್ರ. ಗೋಡೆಯ ಆಚೆ ಕಡೆ ಅಮ್ಮ ಮಲಗುತ್ತಾರೆ, ಸೌಂಡ್ ಜಾಸ್ತಿ ಆದರೆ ಕಷ್ಟ. ಆನ್‌ಲೈನಲ್ಲಿ ಚೀನಾ ಮಿನಿ ಲೇತ್ ಹೊಸದೂ ಸಿಗುತ್ತದೆ. ಯಾವುದು ವಾಸಿ? ಹಳೇದು ನೋಡುವಾಗ ಏನೇನು ನೋಡಬೇಕು?

ಬಟವಾಡಿ ಬಾಯ್:

ಗುರು, ಸುಮ್ನೆ ತಲೆನೋವು ಯಾಕೆ? ಒಂದು ಬುಷ್‌ಗೆ ನೂರೈವತ್ತು, ಇನ್ನೂರು ಕೊಟ್ಟರೆ ಮಾಡಿಕೊಡುತ್ತಾರೆ. 65 ಸಾವಿರಕ್ಕೆ ಎಷ್ಟು ಬುಷ್ ಆಯ್ತು ಲೆಕ್ಕ ಹಾಕಿ. ಮೇಲೆ ಟೂಲು, ಡ್ರಿಲ್ಲು, ವೈರಿಂಗು, ನೆಲ. ಲೇತ್ ತಗೊಂಡವರು ಲೇತ್ ರಿಪೇರಿ ಮಾಡುತ್ತಾ ಕೂರುತ್ತಾರೆ, ಅಂಗಡಿ ಕೆಲಸ ಹಾಗೇ ಬಿದ್ದಿರುತ್ತದೆ.

ಹಿರೇಹಳ್ಳಿ ಟರ್ನರ್:

ಬಟವಾಡಿ ಅವರ ಲೆಕ್ಕ ತಪ್ಪೇನಲ್ಲ. ಆದರೆ ಕ್ಯಾತ್ಸಂದ್ರದವನು ಕೇಳಿದ್ದು ದುಡ್ಡಿನ ಲೆಕ್ಕ ಅಲ್ಲ, ಟೈಮಿನ ಲೆಕ್ಕ. ರಿಪೇರಿ ಅಂಗಡಿಯವನಿಗೆ ಲೇತ್ ಇದ್ದರೆ ಅವನ ಕೆಲಸದ ರೀತಿಯೇ ಬದಲಾಗುತ್ತದೆ.

ತಮ್ಮ, ನಾನು ಹಿರೇಹಳ್ಳಿಯಲ್ಲಿ ಟರ್ನರ್. ಹಗಲು ಕಂಪನಿ ಮೆಷಿನ್, ಸಂಜೆ ಮನೆಯಲ್ಲಿ ನನ್ನದೇ ಹಳೇದೊಂದು. ನಿನಗೆ ಮುಖ್ಯವಾಗಿ ಒಂದು ಮಾತು ಹೇಳುತ್ತೇನೆ. ಹಳೇ ಲೇತನ್ನು ಕಣ್ಣಿಂದ ನೋಡಿ ತಗೋಬೇಡ. ರಾಡ್ ಕಟ್ ಮಾಡಿ ತಗೋ. ನಿನ್ನದೇ ರಾಡ್, ನಿನ್ನದೇ ಮೈಕ್ರೋಮೀಟರ್. "ಕರೆಂಟ್ ತೆಗೆಸಿಬಿಟ್ಟಿದ್ದೇವೆ, ಓಡಿಸಿ ತೋರಿಸೋಕೆ ಆಗಲ್ಲ" ಅಂದರೆ ವಾಪಸ್ ಬಾ. ಇಲ್ಲಾಂದ್ರೆ ಗುಜರಿ ರೇಟಿಗೆ ಕೇಳು.

ಹೊಸ ಪೇಂಟ್ ನೋಡಿದರೆ ನನಗೆ ಅನುಮಾನವೇ ಜಾಸ್ತಿ. ಕನ್ನಡಿ ಬೆಡ್ ಅಂದರೂ ಅಷ್ಟೇ. ಇಪ್ಪತ್ತು ವರ್ಷ ಸ್ಯಾಡಲ್ (ಬೆಡ್ ಮೇಲೆ ಟೂಲ್ ಹೊತ್ತು ಓಡುವ ಭಾಗ) ಉಜ್ಜಿದರೆ ಯಾವ ಬೆಡ್ ಆದರೂ ಹೊಳೆಯುತ್ತದೆ. ಹೊಳೆಯುವುದು ಸವೆದಿರುವುದರ ಗುರುತು ಆಗಿರಬಹುದು. ಲೇತಲ್ಲಿ ನೂರಕ್ಕೆ ತೊಂಬತ್ತು ಕೆಲಸ ಚಕ್‌ನಿಂದ ಒಂದು ಒಂದೂವರೆ ಅಡಿ ಒಳಗೇ ನಡೆಯುತ್ತದೆ. ಹಾಗಾಗಿ ಬೆಡ್ ಅಲ್ಲೇ ಸವೆಯುತ್ತದೆ. ಟೇಲ್‌ಸ್ಟಾಕ್ (ರಾಡಿನ ಇನ್ನೊಂದು ತುದಿಗೆ ಆಸರೆ ಕೊಡುವುದು) ಕಡೆ ಹೊಸದರ ಹಾಗೇ ಇರುತ್ತದೆ. ಈ ಸಣ್ಣ ಬಟಾಲಾ ಮೆಷಿನ್‌ಗಳಲ್ಲಿ ಬೆಡ್ ಹಾರ್ಡನಿಂಗ್ ಮಾಡಿರೋದು ಅಪರೂಪ.

ನೋಡುವ ರೀತಿ ಹೇಳುತ್ತೇನೆ. ಸ್ಯಾಡಲನ್ನು ಚಕ್ ಹತ್ತಿರ ತಂದು, ಕೆಳಗಿನ ಪಟ್ಟಿಯ ಬೋಲ್ಟನ್ನು ಸ್ವಲ್ಪವೇ ಟೈಟ್ ಮಾಡು. ಕೈಚಕ್ರ ತಿರುಗಿಸಿದರೆ ಸ್ವಲ್ಪ ಬಿಗಿಯಾಗಿ ಓಡಬೇಕು, ಅಷ್ಟೇ. ಆಮೇಲೆ ಹಾಗೇ ಟೇಲ್‌ಸ್ಟಾಕ್ ಕಡೆ ಓಡಿಸಿಕೊಂಡು ಹೋಗು. ಮಧ್ಯದಲ್ಲಿ ಕಚ್ಚಿಕೊಂಡು ನಿಂತರೆ ಚಕ್ ಕಡೆ ಸವೆದಿದೆ ಅಂತಲೇ ಅರ್ಥ. ಇನ್ನೊಂದು, ಸ್ಯಾಡಲ್ ಉಜ್ಜುವ ಜಾಗಕ್ಕೂ ಉಜ್ಜದ ಜಾಗಕ್ಕೂ ನಡುವೆ ಉಗುರು ಎಳೆದು ನೋಡು. ಮೆಟ್ಟಿಲು ತಗುಲುತ್ತದೆಯಾ?

ಆದರೆ ಇಷ್ಟಕ್ಕೇ ಬೇಡ ಅನ್ನಬೇಡ. ಇಲ್ಲಿ ಬಹಳ ಜನ ಎಡವುತ್ತಾರೆ. ಬೆಡ್ ಸವೆದು ಟೂಲ್ ನೇರ ಕೆಳಕ್ಕೆ ಹತ್ತು ಪಾಯಿಂಟ್ ಇಳಿದರೆ, ಅಂದರೆ 0.1 ಎಂಎಂ, 25 ಎಂಎಂ ರಾಡಿನ ಸೈಜಲ್ಲಿ ಬರುವ ವ್ಯತ್ಯಾಸ ಮೈಕ್ರೋಮೀಟರಿಗೂ ಸಿಗಲ್ಲ. ಅದೇ ಟೂಲ್ ಅಡ್ಡಕ್ಕೆ 0.1 ಜರುಗಿದರೆ ಡಯಾದಲ್ಲಿ ಪೂರಾ 0.2 ಬಂತು. ಸವೆತ ಯಾವ ಕಡೆಗೆ ಆಗಿದೆ ಅನ್ನೋದು ಉಗುರಿಗೆ ಗೊತ್ತಾಗಲ್ಲ. ರಾಡ್‌ಗೆ ಗೊತ್ತಾಗುತ್ತದೆ. ಅದಕ್ಕೇ ಹೇಳಿದ್ದು.

40 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ತಗೊಂಡು ಹೋಗು. ಚಕ್‌ನಿಂದ 150 ಎಂಎಂ ಹೊರಗೆ ಬಿಡು, ಟೇಲ್‌ಸ್ಟಾಕ್ ಕೊಡಬೇಡ. ಚಕ್ ಹತ್ತಿರ ಒಂದು, ನಡುವೆ ಒಂದು, ತುದಿಗೆ ಒಂದು ಕಾಲರ್ (ದಪ್ಪ ಪಟ್ಟಿ) ಬಿಟ್ಟು ಉಳಿದಿದ್ದನ್ನು ಒಂದೆರಡು ಎಂಎಂ ಇಳಿಸು. ಆಮೇಲೆ ಟೂಲ್ ಚೂಪು ಮಾಡಿಸಿ, ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ) ಮುಟ್ಟದೆ, ಒಂದೇ ಸೆಟ್ಟಿಂಗಲ್ಲಿ ಮೂರೂ ಕಾಲರ್ ಮೇಲೆ ತೆಳು ಕಟ್ ಎಳೆಸು. ಮೂರನ್ನೂ ಅಳೆದು ಬರೆದಿಟ್ಟುಕೋ. ಇಲ್ಲಿ ಹಾಕು, ನೋಡೋಣ.

ಹೆಡ್‌ಸ್ಟಾಕಿಗೆ (ಚಕ್ ತಿರುಗಿಸುವ ಭಾಗ) ಬಂದರೆ, ಕೋನ್ ಪುಲ್ಲಿ ಮೆಷಿನಲ್ಲಿ ಸಾಮಾನ್ಯವಾಗಿ ಗನ್‌ಮೆಟಲ್ (ತಾಮ್ರ, ತವರದ ಮಿಶ್ರಲೋಹ) ಬುಷ್ ಇರುತ್ತದೆ. ಚಕ್ ಹಿಂದೆ ಸ್ಪಿಂಡಲ್ (ಚಕ್ ಕೂರುವ ಶಾಫ್ಟ್) ಮೇಲೆ ಡಯಲ್ ಗೇಜ್ ಕೂರಿಸಿ, ಮರದ ತುಂಡು ಕೊಟ್ಟು ಚಕ್ ಮೇಲಕ್ಕೆ ಎತ್ತು. ಮುಳ್ಳು ಐದು ಪಾಯಿಂಟ್ ಒಳಗೆ ಇದ್ದರೆ ಚಿಂತೆ ಇಲ್ಲ, ಕ್ಯಾಪ್ ಕೆಳಗಿನ ಶಿಮ್ (ತೆಳು ತಗಡು) ತೆಗೆದು ಬಿಗಿ ಮಾಡಬಹುದು. ಅರ್ಧ ಗಂಟೆ ಸುಮ್ನೆ ಓಡಿಸಿ ಕೈ ಇಟ್ಟು ನೋಡು. ಬೆಚ್ಚಗಿದ್ದರೆ ಸರಿ, ಕೈ ಇಡೋಕೆ ಆಗದಿದ್ದರೆ ಸರಿ ಇಲ್ಲ.

ಬ್ಯಾಕ್ ಗೇರ್ (ಸ್ಪೀಡ್ ಇಳಿಸುವ ಗೇರ್) ಹಾಕಿಸಿ ಓಡಿಸು. ಪ್ರತಿ ಸುತ್ತಿನಲ್ಲೂ ಒಂದು "ಟಕ್" ಬಂದರೆ ಹಲ್ಲು ಮುರಿದಿದೆ. ಕ್ರಾಸ್ ಸ್ಲೈಡಲ್ಲಿ ಅರ್ಧ ಸುತ್ತು ಆಟ ಇದ್ದರೂ ತಲೆ ಕೆಡಿಸಿಕೊಳ್ಳಬೇಡ, ನಟ್ ಮಾಡಿಸಿದರೆ ಆಯ್ತು. ಚೇಂಜ್ ಗೇರಲ್ಲಿ 127 ಹಲ್ಲಿಂದು ಇದೆಯಾ ಎಣಿಸಿ ನೋಡು. ಡಾಗ್ ಚಕ್ (ನಾಲ್ಕು ದವಡೆ, ಒಂದೊಂದನ್ನೂ ಬೇರೆ ಬೇರೆ ತಿರುಗಿಸುವುದು) ಎಲ್ಲಿ ಅಂತ ಕೇಳು. ಟ್ರೂ ಚಕ್ ಒಂದನ್ನೇ ಕೊಟ್ಟರೆ ಕೆಲಸ ಅರ್ಧ. ಟ್ರೂ ಚಕ್‌ಗೆ ಉಲ್ಟಾ ಜಾ (ದವಡೆ) ಸೆಟ್ ಇರುತ್ತದೆ, ಅದನ್ನೂ ಕೇಳು. ಮೂಲೆಯಲ್ಲಿ ಎಲ್ಲೋ ಬಿದ್ದಿರುತ್ತದೆ, ಕೇಳದಿದ್ದರೆ ಕೊಡಲ್ಲ.

ಮಾಲೂರು ಮೆಕ್ಯಾನಿಕ್:

ಮಿನಿ ಲೇತ್ ಬಗ್ಗೆ ನಾನು ಹೇಳಬಹುದು, ನನ್ನ ಹತ್ತಿರ ಇದೆ. ನಾನು ಮಾಲೂರಿನವಳು, ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತೇನೆ. ನಮ್ಮದು ಮೊದಲ ಮಹಡಿ, ಹಾಗಾಗಿ ಬೇರೆ ದಾರಿ ಇರಲಿಲ್ಲ. ಸುಮಾರು 40 ಕೆಜಿ, ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಿದೆವು. ಸಿಂಗಲ್ ಫೇಸಲ್ಲೇ ಓಡುತ್ತದೆ, ಸೌಂಡ್ ಕಡಿಮೆ. ಸ್ಕ್ರೂ, ಸಣ್ಣ ಪಿನ್, ಹಿತ್ತಾಳೆ ಬುಷ್‌ಗೆ ಚೆನ್ನಾಗಿದೆ.

ಆದರೆ ಬಾಕ್ಸಿಂದ ತೆಗೆದು ಹಾಗೇ ಓಡಿಸುವ ಮೆಷಿನ್ ಅಲ್ಲ. ಎಲ್ಲಾ ಬಿಚ್ಚಿ, ಒಳಗಿನ ಅಂಟು ಗ್ರೀಸ್ ಸೀಮೆಎಣ್ಣೆಯಲ್ಲಿ ತೊಳೆದು, ಜಿಬ್ (ಸ್ಲೈಡಿನ ಆಟ ತೆಗೆಯುವ ಪಟ್ಟಿ) ಎಲ್ಲಾ ಹೊಸದಾಗಿ ಸೆಟ್ ಮಾಡಬೇಕು. ನನ್ನದರಲ್ಲಿ ಗೇರ್ ಪ್ಲಾಸ್ಟಿಕ್. ನಿಧಾನ ಸ್ಪೀಡಲ್ಲಿ ಮೋಟಾರಿಗೆ ದಮ್ ಇಲ್ಲ. 40 ಎಂಎಂ ಎಂಎಸ್ ಕೊಟ್ಟು ಒಂದು ಎಂಎಂ ಕಟ್ ಎಳೆದರೆ ನಿಂತೇ ಹೋಗುತ್ತದೆ. ನಿಮಗೆ ನೆಲದ ಮೇಲೆ ಶೆಡ್ ಇದೆ, ಪಂಪ್ ಕೆಲಸ ಬೇರೆ. ನಾನಾಗಿದ್ದರೆ ಹಳೇದನ್ನೇ ನೋಡುತ್ತಿದ್ದೆ.

ಕ್ಯಾತ್ಸಂದ್ರ ಸ್ಪ್ರೇಯರ್:

ಹೋಗಿ ನೋಡಿ ಬಂದೆ. ಹಿರೇಹಳ್ಳಿ ಅಣ್ಣ ಹೇಳಿದ ಹಾಗೆ ರಾಡ್, ಮೈಕ್ರೋಮೀಟರ್ ತಗೊಂಡು ಹೋಗಿದ್ದೆ. ರಾಡ್ ನೋಡಿದ ತಕ್ಷಣ ಓನರ್ ಮುಖ ಸ್ವಲ್ಪ ಬದಲಾಯಿತು. ಆಮೇಲೆ ಅವರೇ ಟೂಲ್ ಚೂಪು ಮಾಡಿ ಕಟ್ ಎಳೆದುಕೊಟ್ಟರು, ಒಳ್ಳೇ ಮನುಷ್ಯ.

ಚಕ್ ಹತ್ತಿರ 38.02. ನಡುವೆ 38.06. ತುದಿಗೆ 38.05.

ಸ್ಯಾಡಲ್ ಟೈಟ್ ಮಾಡಿ ಓಡಿಸಿದಾಗ ಬೆಡ್ ಅರ್ಧ ದಾಟಿದ ಮೇಲೆ ಕಚ್ಚಿಕೊಂಡಿತು. ಉಗುರಿಗೆ ಮೆಟ್ಟಿಲು ಸಿಗುತ್ತದೆ. ಸ್ಪಿಂಡಲ್ ನಾಲ್ಕು ಪಾಯಿಂಟ್ ಎತ್ತಿತು. ಬ್ಯಾಕ್ ಗೇರಲ್ಲಿ ಒಂದು ಹಲ್ಲು ಹಿತ್ತಾಳೆ ಬ್ರೇಜಿಂಗ್ ಮಾಡಿ ಕೂರಿಸಿದ್ದಾರೆ, ಆದರೆ ಟಕ್ ಅನ್ನಲ್ಲ. 127 ಗೇರ್ ಇಲ್ಲ. ಡಾಗ್ ಚಕ್ ಇದೆ, ಕೇಳಿದ ಮೇಲೆ ಬೆಂಚ್ ಕೆಳಗಿಂದ ತೆಗೆದರು. ಉಲ್ಟಾ ಜಾ ಕೂಡ ಸಿಕ್ಕಿತು. ಬೆಡ್ ಸವೆದಿದೆ ಅಂದಮೇಲೆ ಬಿಟ್ಟುಬಿಡಲಾ ಅಣ್ಣ?

ಹಿರೇಹಳ್ಳಿ ಟರ್ನರ್:

ಬಿಡಬೇಡ. ಲೆಕ್ಕ ನೋಡು.

ಎರಡು ತುದಿಗೆ 38.02 ಮತ್ತು 38.05. ಬೆಡ್ ಬರೀ ತಿರುಚಿಕೊಂಡಿದ್ದರೆ ಟೇಪರ್ (ಒಂದು ತುದಿಯಿಂದ ಇನ್ನೊಂದಕ್ಕೆ ಸೈಜ್ ಬದಲಾಗೋದು) ಒಂದೇ ಸಮ ಬರಬೇಕು, ನಡುವೆ 38.035 ಆಸುಪಾಸು. ನಿನಗೆ 38.06 ಬಂದಿದೆ. ಆ ಹೆಚ್ಚಿನ 0.025 ಸವೆತದ್ದು, ಅದು ಹೋಗಲ್ಲ. ಉಳಿದ 0.03 ಬಹುತೇಕ ತಿರುಚಿದ್ದು, ಮೆಷಿನ್ ಸರಿಯಾಗಿ ಕೂರಿಸದೆ ಇರೋದು. ಅದನ್ನು ನೀನು ಮನೆಯಲ್ಲಿ ಲೆವೆಲ್ ಮಾಡುವಾಗ ತೆಗೆದುಹಾಕಬಹುದು. ಈಗ ನಿನ್ನ ಕೆಲಸ ಏನು? 20, 30 ಎಂಎಂ ಉದ್ದದ ಬುಷ್ಷು. ಅಷ್ಟು ಉದ್ದಕ್ಕೆ ಈ ಸವೆತದಲ್ಲಿ ಸಿಗುವ ತಪ್ಪು ಒಂದು ಪಾಯಿಂಟೂ ಸರಿಯಾಗಿ ಆಗಲ್ಲ. ಒಂದಡಿ ಉದ್ದದ ಶಾಫ್ಟ್ ಬೇರಿಂಗ್ ಫಿಟ್‌ಗೆ ಮಾಡುತ್ತೇನೆ ಅಂದಿದ್ದರೆ ಬೇರೆ ಮಾತು.

ರೇಟ್ ಮಾತ್ರ ಇಳಿಸು. ಬೆಡ್ಡು, ಬ್ರೇಜಿಂಗ್ ಹಲ್ಲು, 127 ಇಲ್ಲ, ಮೂರನ್ನೂ ಹೇಳಿ 50ರಿಂದ ಶುರು ಮಾಡು. ರೀಡಿಂಗ್ ಬರೆದ ಚೀಟಿ ಕೈಯಲ್ಲಿ ಇಟ್ಟುಕೊಂಡು ಮಾತಾಡು. ಪೇಂಟಿಗೆ ದುಡ್ಡು ಕೊಡಬೇಡ.

127 ಯಾಕೆ ಅಂದರೆ, ಆ ಲೀಡ್ ಸ್ಕ್ರೂ (ತ್ರೆಡ್ ತೆಗೆಯುವಾಗ ಸ್ಯಾಡಲ್ ಓಡಿಸುವ ಉದ್ದ ಸ್ಕ್ರೂ) ಇಂಚಿಂದೇ ಇರುತ್ತದೆ, ಇಂಚಿಗೆ 4 ತ್ರೆಡ್. ಸ್ಕೇಲ್ ಇಟ್ಟು ಎಣಿಸಿ ನೋಡು. ಹಾಗಿದ್ದರೆ ಎಂಎಂ ತ್ರೆಡ್ ತೆಗೆಯಲು ಸುಲಭ ಲೆಕ್ಕ ಇದೆ. ಪಿಚ್ಚನ್ನು (ಎರಡು ತ್ರೆಡ್ ನಡುವಿನ ಎಂಎಂ ಅಂತರ) 20ರಿಂದ ಗುಣಿಸು, ಅಷ್ಟು ಹಲ್ಲಿನ ಗೇರ್ ಸ್ಪಿಂಡಲ್ ಕಡೆ, 127 ಲೀಡ್ ಸ್ಕ್ರೂ ಕಡೆ. ಎಂ10ಕ್ಕೆ ಪಿಚ್ 1.5, ಅಂದರೆ 30 ಮತ್ತು 127. ಎಂ8ಕ್ಕೆ 1.25, ಅಂದರೆ 25 ಮತ್ತು 127. ನಡುವೆ ಯಾವ ಐಡ್ಲರ್ ಗೇರ್ ಹಾಕಿದರೂ ಲೆಕ್ಕ ಬದಲಾಗಲ್ಲ. ಆದರೆ ಹೀಗೆ ತೆಗೆಯುವಾಗ ಹಾಫ್ ನಟ್ (ಸ್ಯಾಡಲನ್ನು ಲೀಡ್ ಸ್ಕ್ರೂಗೆ ಹಿಡಿಸುವುದು) ಬಿಚ್ಚಬಾರದು. ಟೂಲ್ ಹಿಂದಕ್ಕೆ ಎಳೆದು ಮೋಟಾರ್ ಉಲ್ಟಾ ಓಡಿಸಿ ವಾಪಸ್ ಬರಬೇಕು. ಬಿಚ್ಚಿದರೆ ತ್ರೆಡ್ ಸಾಲು ತಪ್ಪುತ್ತದೆ. ಗೇರ್ ಬೇಕಾದರೆ ಇರುವ ಒಂದು ಗೇರ್ ಸ್ಯಾಂಪಲ್ ತಗೊಂಡು ಪೀಣ್ಯದಲ್ಲಿ ಗೇರ್ ಕಟಿಂಗ್ ಮಾಡುವವರ ಹತ್ತಿರ ಹೋಗು. ಅವಸರ ಇಲ್ಲ, ಸದ್ಯಕ್ಕೆ ಡೈಯಿಂದ ಕೈಯಲ್ಲೇ ತ್ರೆಡ್ ಹೊಡಿ.

ಗುಬ್ಬಿ ವೈಂಡಿಂಗ್:

ಕರೆಂಟ್ ವಿಷಯ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನಾನು ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವವನು.

ನಿಮ್ಮ 1 ಎಚ್‌ಪಿ ತ್ರೀ ಫೇಸ್ ಮೋಟಾರ್ ಬಿಸಾಡಬೇಡಿ. ಸಿಂಗಲ್ ಫೇಸ್ ಮೋಟಾರ್ ಹಾಕಿದರೆ ಅಗ್ಗ, ನಿಜ. ಆದರೆ ಲೇತಲ್ಲಿ ಪದೇ ಪದೇ ಆನ್ ಆಫ್ ಮಾಡುತ್ತೀರಿ, ಒಳಗಿನ ಸ್ವಿಚ್ ಬೇಗ ಹೋಗುತ್ತದೆ. ಉಲ್ಟಾ ಓಡಿಸೋದೂ ಕಿರಿಕಿರಿ. ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ, ಸ್ಪೀಡನ್ನೂ ಬದಲಿಸುವ ಡ್ರೈವ್) ಹಾಕಿಸಿ. ಸಿಂಗಲ್ ಫೇಸ್ 230 ಒಳಗೆ, ತ್ರೀ ಫೇಸ್ 230 ಹೊರಗೆ ಬರುವಂಥದ್ದು, 0.75 ಕಿಲೋವ್ಯಾಟ್.

ಇಲ್ಲೊಂದು ಗಂಟು ಇದೆ. ನಮ್ಮಲ್ಲಿ ಸಣ್ಣ ತ್ರೀ ಫೇಸ್ ಮೋಟಾರ್ ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಕನೆಕ್ಷನ್ (ಮೂರು ವೈಂಡಿಂಗಿನ ಒಂದೊಂದು ತುದಿ ಒಂದೇ ಗಂಟಿಗೆ). ಈ ವಿಎಫ್‌ಡಿ ಕೊಡೋದು 230. ಹಾಗಾಗಿ ಡೆಲ್ಟಾ (ಒಂದರ ತುದಿ ಇನ್ನೊಂದಕ್ಕೆ ಸೇರಿಸಿ ತ್ರಿಕೋನ) ಮಾಡಬೇಕು. ಟರ್ಮಿನಲ್ ಬಾಕ್ಸ್ ತೆಗೆದರೆ ಎಷ್ಟೋ ಮೋಟಾರಲ್ಲಿ ಮೂರೇ ವೈರ್ ಹೊರಗೆ ಇರುತ್ತವೆ. ಉಳಿದ ಮೂರನ್ನು ಒಳಗೇ ಗಂಟು ಹಾಕಿ ವಾರ್ನಿಶ್ ಹೊಡೆದಿರುತ್ತಾರೆ. ಯಾವ ವೈಂಡಿಂಗ್ ಅಂಗಡಿಯಲ್ಲಾದರೂ ಆ ಗಂಟು ಬಿಚ್ಚಿ ಆರು ವೈರ್ ಹೊರಗೆ ತೆಗೆದುಕೊಡುತ್ತಾರೆ. ದೊಡ್ಡ ಕೆಲಸ ಅಲ್ಲ. "ಪೂರ್ತಿ ಹೊಸ ವೈಂಡಿಂಗ್ ಮಾಡಬೇಕು" ಅಂತ ಯಾರಾದರೂ ಹೇಳಿದರೆ ಬೇರೆ ಅಂಗಡಿಗೆ ಹೋಗಿ.

ವಿಎಫ್‌ಡಿ ಮತ್ತು ಮೋಟಾರ್ ನಡುವೆ ಯಾವ ಸ್ವಿಚ್ಚೂ ಬೇಡ. ಆನ್, ಆಫ್, ಉಲ್ಟಾ ಎಲ್ಲಾ ವಿಎಫ್‌ಡಿಯ ಕಂಟ್ರೋಲ್ ವೈರಿಂದಲೇ. ಮನೆಯಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಇದ್ದರೆ ವಿಎಫ್‌ಡಿ ಲೀಕೇಜಿಗೆ ಸುಮ್ನೆ ಟ್ರಿಪ್ ಆಗಬಹುದು. ಆಗ ಆರ್‌ಸಿಸಿಬಿ ತೆಗೆದುಹಾಕುವ ಬುದ್ಧಿವಂತಿಕೆ ಬೇಡ. ಶೆಡ್‌ಗೆ ಬೇರೆ ಲೈನ್ ಎಳೆಸಿ, ಅದಕ್ಕೆ ಸರಿಹೋಗುವ ಆರ್‌ಸಿಸಿಬಿಯನ್ನು ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿ. ಅರ್ಥಿಂಗ್ ಕೂಡ ಸರಿಯಾಗಿ ಮಾಡಿಸಿ.

ಇನ್ನೊಂದು ಮುಖ್ಯ. ನಮ್ಮ ಕಡೆ ತೋಟದ ಪಂಪಿಗೆಲ್ಲ ಆಟೋ ಸ್ಟಾರ್ಟರ್ ಹಾಕಿ ಅಭ್ಯಾಸ, ಕರೆಂಟ್ ಬಂದ ತಕ್ಷಣ ತಾನೇ ಓಡುತ್ತದೆ. ಲೇತಿಗೆ ಅದು ಪ್ರಾಣಕ್ಕೇ ಅಪಾಯ. ಕರೆಂಟ್ ಹೋಯಿತು, ನೀವು ಚಕ್ ಕೀ ಹಾಕಿ ಜಾಬ್ (ಕತ್ತರಿಸುತ್ತಿರುವ ತುಂಡು) ಬಿಚ್ಚುತ್ತಿದ್ದೀರಿ, ಕರೆಂಟ್ ಬಂತು. ಅಷ್ಟೇ ಕಥೆ. ವಿಎಫ್‌ಡಿಯಲ್ಲಿ ಕರೆಂಟ್ ಬಂದಾಗ ತಾನೇ ಸ್ಟಾರ್ಟ್ ಆಗುವ ಸೆಟ್ಟಿಂಗ್ ಇರುತ್ತದೆ, ಆಫ್ ಮಾಡಿ. ಆನ್ ಆಫ್‌ಗೆ ಒತ್ತಿಬಿಡುವ ಬಟನ್ ಹಾಕಿ, ತಿರುಗಿಸಿ ಬಿಡುವ ಸ್ವಿಚ್ ಬೇಡ.

ಹಿರೇಹಳ್ಳಿ ಟರ್ನರ್:

ಗುಬ್ಬಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆ ಮೆಷಿನಲ್ಲಿ ಚಕ್ ಸ್ಪಿಂಡಲ್ ಮೇಲೆ ತ್ರೆಡ್ಡಲ್ಲಿ ಕೂತಿರುತ್ತದೆ. ವಿಎಫ್‌ಡಿಯಲ್ಲಿ ಬ್ರೇಕ್ ಜೋರಾಗಿ ಕೊಟ್ಟರೆ, ಇಲ್ಲಾ ಓಡುತ್ತಿರುವಾಗಲೇ ಉಲ್ಟಾ ಕೊಟ್ಟರೆ, ಸ್ಪಿಂಡಲ್ ನಿಲ್ಲುತ್ತದೆ, ಚಕ್ ನಿಲ್ಲಲ್ಲ. ಬಿಚ್ಚಿಕೊಂಡು ಕಾಲ ಮೇಲೆ ಬರುತ್ತದೆ. ನಿಧಾನಕ್ಕೆ ನಿಲ್ಲುವ ಹಾಗೆ ಟೈಮ್ ಜಾಸ್ತಿ ಇಡು. ಹಾಗೇ ಸ್ಪೀಡ್ ಪೂರ್ತಿ ವಿಎಫ್‌ಡಿಯಲ್ಲೇ ಇಳಿಸಬೇಡ. 20 ಹರ್ಟ್ಸ್ ಕೆಳಗೆ ಮೋಟಾರಿಗೆ ಶಕ್ತಿಯೂ ಇಲ್ಲ, ಫ್ಯಾನ್ ಗಾಳಿಯೂ ಇಲ್ಲ. ನಿಧಾನಕ್ಕೆ ಬ್ಯಾಕ್ ಗೇರ್ ಇದೆಯಲ್ಲ, ಅದನ್ನು ಹಾಕು.

ಕ್ಯಾತ್ಸಂದ್ರ ಸ್ಪ್ರೇಯರ್:

52 ಸಾವಿರಕ್ಕೆ ಮುಗಿಯಿತು! ಡಾಗ್ ಚಕ್, ಉಲ್ಟಾ ಜಾ, ಒಂದು ಡಬ್ಬ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್, ಡ್ರಿಲ್ ಚಕ್ ಎಲ್ಲಾ ಸೇರಿ. ಈಗ ತರೋದು ಹೇಗೆ, ನೆಲ ಹೇಗೆ, ಹೇಳಿ ಅಣ್ಣ. ಗುಬ್ಬಿ ಸರ್, ಮೋಟಾರ್ ಬಿಚ್ಚಿ ವೈಂಡಿಂಗಿಗೆ ಕೊಟ್ಟಿದ್ದೇನೆ. ಮೂರೇ ವೈರ್ ಇತ್ತು, ನೀವು ಹೇಳಿದ ಹಾಗೇ.

ಹಿರೇಹಳ್ಳಿ ಟರ್ನರ್:

ಒಳ್ಳೇ ರೇಟು.

ನೆಲ ಮೊದಲು. ಮೆಷಿನ್ ಬರುವ ಜಾಗದಲ್ಲಿ ಕಡಪ ಕಲ್ಲು ಎಬ್ಬಿಸು. ಕಲ್ಲಿನ ಕೆಳಗೆ ಮಣ್ಣು ಕೂತಿರುವುದಿಲ್ಲ, ಇವತ್ತು ಲೆವೆಲ್ ಮಾಡಿದರೆ ಮಳೆಗಾಲಕ್ಕೆ ಹೋಗುತ್ತದೆ. ಆರು ಇಂಚು ಕಾಂಕ್ರೀಟ್, ಒಳಗೆ ಕಬ್ಬಿಣದ ಜಾಲಿ. ಮೂರು ವಾರ ನೀರು ಉಣಿಸು. ಅಷ್ಟರಲ್ಲಿ ಮೋಟಾರ್ ಬಂದಿರುತ್ತದೆ. ಫೌಂಡೇಶನ್ ಬೋಲ್ಟಿಗೆ ತೂತು ಬಿಟ್ಟುಕೋ, ಈಗಲೇ ತುಂಬಬೇಡ.

ತರುವಾಗ ನೆನಪಿಡು, ಮೆಷಿನ್ ಸುಮಾರು ಅರ್ಧ ಟನ್ ಇರುತ್ತದೆ. ತೂಕ ಎಲ್ಲಾ ಹೆಡ್‌ಸ್ಟಾಕ್ ಕಡೆ, ಅದೂ ಮೇಲುಗಡೆ. ಕೊಬ್ಬರಿ ಮೂಟೆ ಹೊತ್ತವರನ್ನು ಕರೆದುಕೊಂಡು ಬಂದು "ಎತ್ತಿ" ಅಂದರೆ ಯಾರದೋ ಕಾಲು ಹೋಗುತ್ತದೆ. ಸ್ಯಾಡಲ್, ಟೇಲ್‌ಸ್ಟಾಕ್ ಎರಡನ್ನೂ ಬಲಗಡೆ ತುದಿಗೆ ತಳ್ಳಿ ಲಾಕ್ ಮಾಡು, ತೂಕ ಸ್ವಲ್ಪ ಸಮ ಆಗುತ್ತದೆ. ಬೆಲ್ಟನ್ನು ಬೆಡ್ ಒಳಗಿಂದ ಹಾಯಿಸಿ ಎತ್ತಿಸು. ಲೀಡ್ ಸ್ಕ್ರೂಗೆ ಹಗ್ಗ ತಾಗಿದರೂ ಬಗ್ಗುತ್ತದೆ, ಅದನ್ನು ನೇರ ಮಾಡೋದು ಕನಸು. ಏಸ್ ಗಾಡಿ ಸಾಕು. ಶೆಡ್ ಬಾಗಿಲಿಂದ ಒಳಗೆ ಪೈಪ್ ಹಾಕಿ ಉರುಳಿಸಿಕೊಂಡು ಹೋಗು, ಹಾರೆ ಕೋಲಲ್ಲಿ ಒಂದೊಂದೇ ಇಂಚು. ಪಕ್ಕದಲ್ಲಿ ನಿಲ್ಲಬೇಡ, ಉರುಳುವುದಾದರೆ ಪಕ್ಕಕ್ಕೇ.

ಜಾಗ ಇಡುವಾಗ ಗೋಡೆಗೆ ಅಂಟಿಸಬೇಡ. ಹಿಂದೆ ಒಂದಡಿ ಬಿಡು, ಚಿಪ್ಸ್ ಗುಡಿಸಬೇಕು. ಹೆಡ್‌ಸ್ಟಾಕ್ ಎಡಗಡೆ ಗೋಡೆ ಇದ್ದರೆ ಉದ್ದ ರಾಡ್ ಸ್ಪಿಂಡಲ್ ತೂತಿಂದ ಹಾಯಿಸೋಕೆ ಆಗಲ್ಲ. ಎಡಗಡೆ ಬಾಗಿಲು ಇಲ್ಲಾ ಕಿಟಕಿ ಬರುವ ಹಾಗೆ ತಿರುಗಿಸು.

ಲೆವೆಲ್. ಮೇಸ್ತ್ರಿಯ ರಸಮಟ್ಟ ಇದಕ್ಕೆ ಸಾಲಲ್ಲ. ಮೆಷಿನ್ ಲೆವೆಲ್ ಬೇಕು, ಮೀಟರಿಗೆ 0.02 ತೋರಿಸುವಂಥದ್ದು. ಯಾರದ್ದಾದರೂ ಒಂದು ದಿನಕ್ಕೆ ಈಸಿಕೋ. ಬೆಡ್ ಮೇಲೆ ಅಡ್ಡಕ್ಕೆ ಇಟ್ಟು ಚಕ್ ಕಡೆ ಒಮ್ಮೆ, ಟೇಲ್‌ಸ್ಟಾಕ್ ಕಡೆ ಒಮ್ಮೆ ನೋಡು. ಮೆಷಿನ್ ಪೂರ್ತಿ ಮಟ್ಟ ಇಲ್ಲದಿದ್ದರೂ ನಡೆಯುತ್ತದೆ, ಎರಡು ಕಡೆ ರೀಡಿಂಗ್ ಒಂದೇ ಇರಬೇಕು. ಆಗ ತಿರುಚಿಲ್ಲ ಅಂತ. ಶಿಮ್‌ಗೆ ಕೂಲ್‌ಡ್ರಿಂಕ್ ಕ್ಯಾನ್ ಕತ್ತರಿಸಿಕೋ, ಹತ್ತಿರ ಹತ್ತಿರ 0.1 ಎಂಎಂ ಬರುತ್ತದೆ.

ಅದಾದ ಮೇಲೆ ನಿನ್ನ ಮೂರು ಕಾಲರ್ ರಾಡ್ ಮತ್ತೆ ಹಾಕು. ಬಿಸಾಡಿಲ್ಲ ತಾನೇ? ಒಮ್ಮೆ ಚಕ್‌ನಿಂದ ತೆಗೆದದ್ದು, ಹಾಗಾಗಿ ಹೊಸದಾಗಿ ತೆಳು ಕಟ್ ಎಳೆದೇ ಅಳೆಯಬೇಕು. ತುದಿ ದಪ್ಪ ಬಂದರೆ ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲು, ನೀನು ನಿಲ್ಲುವ ಕಡೆಯದು, ಅದನ್ನು ಸ್ವಲ್ಪ ಎತ್ತು. ಟೂಲ್ ಹಿಂದಕ್ಕೆ ವಾಲುತ್ತದೆ, ತುದಿ ಸಣ್ಣ ಆಗುತ್ತದೆ. ತುದಿ ಸಣ್ಣ ಬಂದರೆ ಹಿಂದಿನ ಕಾಲು. ಒಂದು ಶಿಮ್ ಹಾಕು, ಬೋಲ್ಟ್ ಟೈಟ್ ಮಾಡು, ಮತ್ತೆ ಕಟ್ ಎಳಿ. ಎರಡು ತುದಿ ಒಂದೇ ಬಂದ ಮೇಲೆ ನಿಲ್ಲಿಸು. ನಡುವಿನದು ಎರಡು ಪಾಯಿಂಟ್ ಹೆಚ್ಚೇ ಇರುತ್ತದೆ, ಅದರ ಹಿಂದೆ ಬೀಳಬೇಡ. ಆಮೇಲೆ ಬೋಲ್ಟಿನ ತೂತಿಗೆ ಗ್ರೌಟ್ (ಸಿಮೆಂಟ್ ಗಾರೆ) ತುಂಬು.

ಅಮ್ಮನಿಗೆ ಸೌಂಡ್ ಅಂದೆಯಲ್ಲ. ಕೋನ್ ಪುಲ್ಲಿ ಮೆಷಿನಲ್ಲಿ ಸೌಂಡ್ ಬರೋದು ಜಾಸ್ತಿ ಚೇಂಜ್ ಗೇರಿಂದ. ತ್ರೆಡ್ ಇಲ್ಲಾ ಆಟೋ ಫೀಡ್ ಬೇಡದಾಗ ಟಂಬ್ಲರ್ (ಚೇಂಜ್ ಗೇರನ್ನು ಸ್ಪಿಂಡಲಿಗೆ ಸೇರಿಸುವ ಲಿವರ್) ನ್ಯೂಟ್ರಲ್‌ಗೆ ಹಾಕು, ಅರ್ಧ ಗಲಾಟೆ ನಿಲ್ಲುತ್ತದೆ. ಬೆಲ್ಟಲ್ಲಿ ಕಬ್ಬಿಣದ ಕ್ಲಿಪ್ ಜಾಯಿಂಟ್ ಇದ್ದರೆ ಅದೂ ಟಪಟಪ ಅನ್ನುತ್ತದೆ, ಅಂಟಿಸಿದ ಬೆಲ್ಟ್ ಹಾಕಿಸು. ಬೆಡ್‌ಗೆ 68 ನಂಬರ್ ಎಣ್ಣೆ, ದಿನಾ. ಗ್ರೀಸ್ ಹಚ್ಚಬೇಡ, ಚಿಪ್ಸ್ ಅಂಟಿಕೊಂಡು ಉಪ್ಪುಕಾಗದದ ಹಾಗೆ ಬೆಡ್ ತಿನ್ನುತ್ತದೆ. ಶೀಟ್ ಶೆಡ್ ಅಂದೆ, ಚಳಿಗಾಲದ ಬೆಳಿಗ್ಗೆ ಶೀಟಿಂದ ನೀರು ತೊಟ್ಟಿಕ್ಕುತ್ತದೆ. ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆ ಹೊದಿಸು.

ಮಾಲೂರು ಮೆಕ್ಯಾನಿಕ್:

ಒಂದು ಮಾತು, ಇದು ಎಲ್ಲರಿಗೂ ಗೊತ್ತು ಅಂತ ಯಾರೂ ಹೇಳಲ್ಲ. ಗ್ಲೌಸ್ ಹಾಕಿಕೊಂಡು ಲೇತ್ ಮುಟ್ಟಬೇಡಿ. ಕೈಗೆ ಕಟ್ಟಿದ ದಾರ, ಉಂಗುರ, ತುಂಬು ತೋಳು, ಪಂಚೆ, ಯಾವುದೂ ಬೇಡ. ಮನೆಯ ಪಕ್ಕದ ಶೆಡ್ ಅಂದರೆ ಸಂಜೆ ಲುಂಗಿಯಲ್ಲೇ "ಒಂದೇ ಒಂದು ಬುಷ್" ಅಂತ ನಿಲ್ಲುತ್ತೀರಿ, ಅದಕ್ಕೇ ಹೇಳಿದ್ದು. ನಾನು ಸೆರಗು, ದುಪಟ್ಟ ಬಿಟ್ಟು ಏಪ್ರನ್ ಹಾಕಿಕೊಂಡೇ ಮೆಷಿನ್ ಹತ್ತಿರ ಹೋಗೋದು. ಚಕ್ ಕೀ ಕೈ ಬಿಡುವಾಗ ಚಕ್‌ನಲ್ಲಿ ಇರಬಾರದು. ಸುರುಳಿ ಚಿಪ್ಸ್ ಕೈಯಲ್ಲಿ ಎಳೆಯಬಾರದು, ಕೊಕ್ಕೆ ಮಾಡಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಮೇನ್ ಸ್ವಿಚ್ಚಿಗೆ ಬೀಗ ಹಾಕಿ.

ಬಟವಾಡಿ ಬಾಯ್:

ಸರಿ ಗುರು, ತಗೊಂಡಾಯ್ತಲ್ಲ. ಆದರೆ ಮನೆ ಮೀಟರಲ್ಲಿ ನಿಮ್ಮ ಕೆಲಸ ಮಾತ್ರ ಮಾಡಿಕೊಳ್ಳಿ. ಹೊರಗಿನವರ ಜಾಬ್ ವರ್ಕ್ ಶುರು ಮಾಡುವುದಾದರೆ ಬೆಸ್ಕಾಂನಲ್ಲಿ ಕೇಳಿ, ಎಲ್‌ಟಿ-5 (ಕೈಗಾರಿಕೆ) ಕನೆಕ್ಷನ್ ತಗೊಳ್ಳಿ. ಆಮೇಲೆ ನನ್ನ ಬ್ರಷ್ ಕಟರ್‌ದೊಂದು ಪಿನ್ ಇದೆ, ಯಾವಾಗ ತರಲಿ?

ಕ್ಯಾತ್ಸಂದ್ರ ಸ್ಪ್ರೇಯರ್:

ಹಹ್ಹ, ತನ್ನಿ ಬಾಸ್, ನಿಮಗೆ ನೂರೈವತ್ತು.

ಮೆಷಿನ್ ಕೂತಿದೆ, ಓಡುತ್ತಿದೆ. ಎರಡು ತುದಿ 37.80 ಮತ್ತು 37.80, ನಡುವೆ 37.82. ಟಂಬ್ಲರ್ ನ್ಯೂಟ್ರಲ್ ಮಾಡಿದರೆ ಅಮ್ಮ "ಮಿಕ್ಸಿಗಿಂತ ವಾಸಿ" ಅಂದರು. ಎಂಎಸ್ ಚೆನ್ನಾಗಿ ಬರುತ್ತಿದೆ. ಆದರೆ ಸ್ಪ್ರೇಯರ್ ಪಂಪಿನ ಗನ್‌ಮೆಟಲ್ ಬುಷ್ ಮಾಡಲು ಹೋದರೆ ಟೂಲ್ ಒಳಗೆ ಎಳೆದುಕೊಳ್ಳುತ್ತದೆ, ಜಾಬ್ ಮೇಲೆ ಅಲೆ ಅಲೆ ಬೀಳುತ್ತದೆ. ಎಂಎಸ್‌ಗೆ ಗ್ರೈಂಡ್ ಮಾಡಿದ ಅದೇ ಟೂಲ್, 25 ಎಂಎಂ ರಾಡು, 350 ಆರ್‌ಪಿಎಂ.

ಹಿರೇಹಳ್ಳಿ ಟರ್ನರ್:

ಎಂಎಸ್ ಟೂಲಿಗೆ ಮೇಲ್ಗಡೆ ಇಳಿಜಾರು ಇರುತ್ತದೆ, ಅದೇ ಗನ್‌ಮೆಟಲನ್ನು ಎಳೆದುಕೊಳ್ಳೋದು. ಬೇರೆ ಟೂಲ್ ತಗೊಂಡು ಮೇಲ್ಗಡೆ ಸಪಾಟು ಇಡು, ಇಳಿಜಾರು ಬೇಡವೇ ಬೇಡ. ಮುಂದೆ ಕೆಳಗೆ ಎಂಟು ಡಿಗ್ರಿ ಇರಲಿ. ಸ್ಪೀಡ್ ಎಂಎಸ್‌ಗೆ ಸರಿ ಇದೆ, ಇದಕ್ಕೆ ಇನ್ನೂ ಏರಿಸಬಹುದು. ಕ್ರಾಸ್ ಸ್ಲೈಡ್ ಜಿಬ್ ಒಂದು ಸಲ ಬಿಗಿ ಮಾಡು.

ಟೂಲ್ ಸೆಂಟರ್ (ತುದಿ ರಾಡಿನ ನಡುಮಟ್ಟಕ್ಕೆ ಇರೋದು) ಕೂಡ ನೋಡು. ಮೆಷಿನ್ ಆಫ್ ಇರುವಾಗ ರಾಡಿಗೂ ಟೂಲ್ ತುದಿಗೂ ನಡುವೆ ಆರಿಂಚಿನ ಸ್ಟೀಲ್ ಸ್ಕೇಲ್ ಇಟ್ಟು ಮೆಲ್ಲಗೆ ಒತ್ತು. ಸ್ಕೇಲ್ ನೆಟ್ಟಗೆ ನಿಂತರೆ ಸೆಂಟರ್ ಸರಿ. ಮೇಲ್ತುದಿ ನಿನ್ನ ಕಡೆ ವಾಲಿದರೆ ಟೂಲ್ ಕೆಳಗಿದೆ, ಕೆಳಗೆ ಪಟ್ಟಿ ಕೊಡು. ಆ ಕಡೆ ವಾಲಿದರೆ ಮೇಲಿದೆ, ಪಟ್ಟಿ ತೆಗಿ. ಬೋರನ್ನು (ಬುಷ್ ಒಳಗಿನ ತೂತು) ರೀಮರಲ್ಲಿ (ತೂತಿನ ಸೈಜ್ ಸರಿ ಮಾಡುವ ಟೂಲ್) ಮುಗಿಸು, ಬುಷ್ ಒತ್ತಿ ಕೂರಿಸಿದ ಮೇಲೆ. ಒತ್ತಿದಾಗ ಒಳಗಿನ ಸೈಜ್ ಕಮ್ಮಿ ಆಗುತ್ತದೆ.